ಹಾರುವ ಹಕ್ಕಿಯೂ ಹಿತ್ತಿಲ ಗಾಜೂ

ನನ್ನ ಹಾರ್ಡ್ ಡಿಸ್ಕಿನಲ್ಲಿ ‘ಖಾಲಿ ಕೊಂಬೆ’ ಎಂಬ ಹೆಸರಿನ ಫೋಲ್ಡರ್ ಒಂದಿದೆ. ಅದರೊಳಗೆ ಸಾವಿರಾರು ಫೋಟೋಗಳಿವೆ. ಎಲ್ಲದರಲ್ಲೂ ಅದೇ ಒಂದು ಪೇರಲ ಕೊಂಬೆ, ಹಿಂದೆ ಅದೇ ಮಸುಕು ಹಸಿರು. ಕೆಲವದರ ಅಂಚಿನಲ್ಲಿ ಒಂದು ಬಾಲ ಸಿಕ್ಕಿದೆ. ಒಂದರಲ್ಲಿ ಎರಡು ಕಾಲು ಮಾತ್ರ ಇವೆ, ಮೇಲಿನ ದೇಹ ಫ್ರೇಮಿನಿಂದ ಆಚೆಗೆ ಹೋಗಿಬಿಟ್ಟಿದೆ. ಹಾರುವ ಹಕ್ಕಿಯ ಫೋಟೋ ತೆಗೆಯಲು ಹೊರಟವರೆಲ್ಲರ ಬಳಿಯೂ ಇಂಥದೊಂದು ಫೋಲ್ಡರ್ ಇರುತ್ತದೆ. ಜಾಣರು ಅದನ್ನು ಅಳಿಸಿಬಿಡುತ್ತಾರೆ. ನಾನು ಯಾಕೆ ಅಳಿಸಿಲ್ಲ ಎಂಬುದನ್ನು ಹೇಳಬೇಕಾದರೆ ಅಪ್ಪ ಪುಣೆಗೆ ಬಂದ ಕಥೆಯಿಂದ ಶುರು ಮಾಡಬೇಕು.

ನಾವಿರುವುದು ಪುಣೆಯ ಪಾಷಾಣ್ ಬಡಾವಣೆಯಲ್ಲಿ. ಹಳೆಯ ಬಂಗಲೆಯೊಂದರ ಕೆಳಮನೆ, ಬಾಡಿಗೆಗೆ. ಮೇಲೆ ಮನೆಯ ಒಡತಿ, ಎಂಬತ್ತು ದಾಟಿದ ಮರಾಠಿ ಆಜ್ಜಿ. ಹಿಂಜೆವಾಡಿಯ ಆಫೀಸಿಗೆ ಇನ್ನೂ ಹತ್ತಿರದಲ್ಲಿ ಫ್ಲ್ಯಾಟುಗಳಿದ್ದರೂ ಈ ಮನೆ ಹಿಡಿದದ್ದಕ್ಕೆ ಕಾರಣ ಹಿತ್ತಿಲು. ಒಂದು ಪೇರಲ ಗಿಡ, ಒಂದು ನಿಂಬೆ, ಕಾಂಪೌಂಡಿನ ಆಚೆಗೆ ಎತ್ತರದ ಆಕಾಶಮಲ್ಲಿಗೆ ಮರ. ಇಲ್ಲಿಯವರು ಅದನ್ನು ‘ಬೂಚ್’ ಎನ್ನುತ್ತಾರೆ. ಹಾಲ್‌ನಿಂದ ಹಿತ್ತಿಲಿಗೆ ಹೋಗಲು ನೆಲದಿಂದ ಮೇಲಿನವರೆಗೂ ಗಾಜಿನ ಸರಿಯುವ ಬಾಗಿಲು. ಮನೆ ನೋಡಲು ಬಂದ ದಿನ ನನಗೂ ಹೆಂಡತಿಗೂ ಮೊದಲು ಇಷ್ಟವಾದದ್ದು ಆ ಬಾಗಿಲೇ. ಒಳಗೆ ಕೂತರೆ ಹೊರಗೇ ಕೂತಂತೆ.

ಅಪ್ಪ ಬಂದದ್ದು ಕಣ್ಣಿನ ಪೊರೆ ತೆಗೆಸಲು. ರೋಣ ತಾಲ್ಲೂಕಿನ ಹಳ್ಳಿಯಲ್ಲಿ ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅವ್ವ ಹೋದ ಮೇಲೆ ಒಬ್ಬರೇ ಇದ್ದರು. ಎರಡು ಕಣ್ಣಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಆಪರೇಷನ್, ಮುಂದೆ ಒಂದಿಷ್ಟು ದಿನ ವಿಶ್ರಾಂತಿ, ಆಮೇಲೆ ಹೇಗೋ ಒಪ್ಪಿಸಿ ಇಲ್ಲೇ ಉಳಿಸಿಕೊಳ್ಳುವುದು ಎಂಬುದು ನನ್ನ ಲೆಕ್ಕ. ಬಸ್ಸಿನಿಂದ ಇಳಿಯುತ್ತಲೇ ಬಡಾವಣೆಯ ಹೆಸರು ಕೇಳಿ, “ಪಾಷಾಣ? ಇಲಿ ಪಾಷಾಣ ಅಂತಾರಲ್ಲ, ಹಂಗೇನು?” ಎಂದು ನಕ್ಕರು. ಸಂಸ್ಕೃತದಲ್ಲಿ ಪಾಷಾಣ ಎಂದರೆ ಕಲ್ಲು ಎಂದು ನಾನು ಹೇಳಿದೆ. “ಅದು ನನಗ ಗೊತ್ತೈತಿ ತಗೋ, ಮಾಸ್ತರಗ ಹೇಳಾಕ ಬರ್ತಿ” ಎಂದರು.

ಬಂದ ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೊರಟವರು ಸೀದಾ ಹೋಗಿ ಗಾಜಿಗೆ ಹಣೆ ಹೊಡೆದುಕೊಂಡರು. ಢಪ್ ಎಂಬ ಸದ್ದಿಗೆ ನಾನು ಅಡುಗೆಮನೆಯಿಂದ ಓಡಿಬಂದೆ. ಹಣೆ ಒತ್ತಿಕೊಳ್ಳುತ್ತ ನಿಂತಿದ್ದರು. “ಗಾಜ ಐತಿ ಅಂತ ಗೊತ್ತ ಆಗ್ಲಿಲ್ಲ ನೋಡಪಾ. ಗಿಡ ಕಂಡ್ತು, ಹ್ವಾದೆ.” ಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತೇನೆ ಅಪ್ಪಾ ಎಂದೆ. ಹೆಂಡತಿಯೂ ಎರಡು ಸಲ ನೆನಪಿಸಿದಳು. ಅಂಟಿಸಲಿಲ್ಲ. ಗಾಜಿನ ಮೂಲಕ ತೆಗೆಯುವ ಫೋಟೋಗಳಲ್ಲಿ ಸ್ಟಿಕ್ಕರಿನ ನೆರಳು ಬರುತ್ತದೆ ಎಂಬುದು ನನ್ನ ಮನಸ್ಸಿನೊಳಗಿನ ಕಾರಣ. ಅದನ್ನು ಯಾರಿಗೂ ಹೇಳಲಿಲ್ಲ.

ಹಿತ್ತಿಲಲ್ಲಿ ಹಕ್ಕಿಗಳಿಗೆ ಕಾಳು ಹಾಕುವುದನ್ನು ಅಪ್ಪ ಬರುವ ಮೊದಲೇ ಶುರು ಮಾಡಿದ್ದೆ. ಕಾಂಪೌಂಡಿನ ಬಳಿ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಮಣ್ಣಿನ ತಟ್ಟೆ. ಸಜ್ಜೆ, ನವಣೆ, ಒಂದು ತುಂಡು ಪಪ್ಪಾಯಿ, ಪಕ್ಕದಲ್ಲಿ ನೀರು. ನವಣೆಗೆ ರಾಟವಾಳಗಳು, ಸಜ್ಜೆಗೆ ಗುಬ್ಬಿಗಳು, ಪಪ್ಪಾಯಿಗೆ ಪಿಕಳಾರಗಳು, ಯಾವುದು ಸಿಕ್ಕರೂ ಸೈ ಎಂದು ಗೊರವಂಕಗಳು. ಪಾರಿವಾಳಗಳು ಬಂದರೆ ಆಜ್ಜಿ ಮೇಲಿನಿಂದ ಕೋಲು ಬಡಿದು ಓಡಿಸುತ್ತಿದ್ದರು. ಅವರ ತಂಗಿಗೆ ಪಾರಿವಾಳದ ಹಿಕ್ಕೆಯ ಧೂಳಿನಿಂದಲೇ ಶ್ವಾಸಕೋಶದ ಕಾಯಿಲೆ ಬಂದಿತ್ತಂತೆ. ಅವರ ಕೋಪದಲ್ಲಿ ನ್ಯಾಯವಿತ್ತು. ತಟ್ಟೆಯನ್ನು ಚಿಕ್ಕದು ಮಾಡಿ ಸುತ್ತ ತಂತಿ ಕಟ್ಟಿದ ಮೇಲೆ ಸಣ್ಣ ಹಕ್ಕಿಗಳು ಮಾತ್ರ ಒಳಗೆ ನುಸುಳುವಂತಾಯಿತು.

ಒಂದು ಬೆಳಿಗ್ಗೆ ಆಜ್ಜಿ ಮೇಲಿನಿಂದ “ಚಿಮಣ್ಯಾ ಆಲ್ಯಾ, ಚಿಮಣ್ಯಾ ಆಲ್ಯಾ” ಎಂದು ಸಂಭ್ರಮದಿಂದ ಕೂಗಿದರು. ಅಪ್ಪ ಗಾಬರಿಯಾಗಿ, “ಕರೆಂಟು ಹೋಗಿಲ್ಲಲ್ಲ, ಚಿಮಣಿ ಯಾಕ ಬೇಕಂತ ಆಕಿಗೆ?” ಎಂದರು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ ಎಂದು ಗೊತ್ತಾದಾಗ ಅವರಿಗೆ ಭಾರಿ ಖುಷಿ. ಅಂದಿನಿಂದ ಇಬ್ಬರ ನಡುವೆ ಅರ್ಧ ಮರಾಠಿ, ಅರ್ಧ ಕನ್ನಡದ ಸ್ನೇಹ ಶುರುವಾಯಿತು. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಅವರಲ್ಲೂ ಇದೆ. ಕಾಗೆಯ ಮನೆ ಎರಡೂ ಕಡೆ ಸಗಣಿಯದೇ. ಗುಬ್ಬಿಯ ಮನೆ ಮಾತ್ರ ಅಪ್ಪನ ಕಥೆಯಲ್ಲಿ ಕಲ್ಲಿನದು, ಆಜ್ಜಿಯ ಕಥೆಯಲ್ಲಿ ಮೇಣದ್ದು. ಮಳೆಗೆ ಯಾವುದು ಹೆಚ್ಚು ತಡೆಯುತ್ತದೆ ಎಂದು ಇಬ್ಬರೂ ಒಂದು ಸಂಜೆಯೆಲ್ಲ ವಾದಿಸಿದರು.

ಇನ್ನು ನನ್ನ ಹುಚ್ಚಿನ ವಿಚಾರ. ನಮ್ಮ ತಲೆಮಾರಿನ ಅನೇಕ ಕನ್ನಡದ ಹುಡುಗರಂತೆ ನನಗೂ ಹಕ್ಕಿಯ ಗೀಳು ಹತ್ತಿಸಿದ್ದು ತೇಜಸ್ವಿ. ಮೂಡಿಗೆರೆಯ ತೋಟದಲ್ಲಿ ರೀಲು ಹಾಕುವ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾಯುತ್ತಿದ್ದ ಮನುಷ್ಯನ ಮುಂದೆ, ಸೆಕೆಂಡಿಗೆ ಹತ್ತು ಫೋಟೋ ಹೊಡೆಯುವ ನನ್ನ ಕ್ಯಾಮೆರಾ ದೊಡ್ಡ ಅನುಕೂಲವೇ. ಆದರೂ ಕೂತ ಹಕ್ಕಿ ಬೇರೆ, ಹಾರುವ ಹಕ್ಕಿ ಬೇರೆ. ಗುಬ್ಬಿ ಸೆಕೆಂಡಿಗೆ ಹದಿಮೂರು ಹದಿನೈದು ಸಲ ರೆಕ್ಕೆ ಬಡಿಯುತ್ತದೆ. ಷಟರ್ ವೇಗವನ್ನು ಸೆಕೆಂಡಿನ 1/500ಕ್ಕೆ ಇಟ್ಟರೆ ತಲೆ ಸ್ಪಷ್ಟವಾಗಿ ಬರುತ್ತದೆ, ರೆಕ್ಕೆ ಹೊಗೆಯಂತಾಗುತ್ತದೆ. 1/3200ಕ್ಕೆ ಏರಿಸಿದರೆ ಗರಿಗಳು ಒಂದೊಂದಾಗಿ ನಿಲ್ಲುತ್ತವೆ, ಆದರೆ ಬೆಳಕು ಸಾಲುವುದಿಲ್ಲ. ಐಎಸ್‌ಒ ಏರಿಸಿದರೆ ಫೋಟೋದ ಮೈಮೇಲೆ ರವೆ ಚೆಲ್ಲಿದಂತೆ ಕಾಳು ಕಾಳು. ಹತ್ತಿರದಿಂದ ಉದ್ದ ಲೆನ್ಸ್ ಹಾಕಿದರೆ ಸ್ಪಷ್ಟವಾಗಿ ಕಾಣುವ ಆಳ ಮೂರ್ನಾಲ್ಕು ಬೆರಳಿನಷ್ಟೂ ಇರುವುದಿಲ್ಲ. ಹಕ್ಕಿ ಆ ಸಣ್ಣ ಓಣಿಯೊಳಗೇ ಹಾರಬೇಕು.

ಹಾಗಾಗಿ ಹಕ್ಕಿಯ ಹಿಂದೆ ಓಡಬಾರದು, ಹಕ್ಕಿ ಬರುವ ದಾರಿಯಲ್ಲಿ ಕಾಯಬೇಕು. ಸಣ್ಣ ಹಕ್ಕಿಗಳು ಸೀದಾ ತಟ್ಟೆಗೆ ಇಳಿಯುವುದಿಲ್ಲ. ಮೊದಲು ಹತ್ತಿರದ ಒಂದು ಕೊಂಬೆಯಲ್ಲಿ ಕೂತು, ಆಚೀಚೆ ನೋಡಿ, ಆಮೇಲೆ ಇಳಿಯುತ್ತವೆ. ನಾನು ತಟ್ಟೆಯಿಂದ ಒಂದೂವರೆ ಅಡಿ ದೂರಕ್ಕೆ ಒಣಗಿದ ಪೇರಲ ಕೊಂಬೆಯೊಂದನ್ನು ಕಟ್ಟಿದೆ. ಕೊಂಬೆ, ತಟ್ಟೆ ಎರಡೂ ಕ್ಯಾಮೆರಾಕ್ಕೆ ಸಮಾನ ದೂರದಲ್ಲಿರುವಂತೆ ಅಡ್ಡಸಾಲಿನಲ್ಲಿಟ್ಟು, ನಡುವಿನ ಖಾಲಿ ಜಾಗಕ್ಕೆ ಫೋಕಸ್ ಮಾಡಿ, ಆ ಫೋಕಸ್ ಕದಲದಂತೆ ಮಾಡಿ, ಅಡುಗೆಮನೆಯ ಕಿಟಕಿ ತೆರೆದು ಟ್ರೈಪಾಡಿನ ಹಿಂದೆ ಕೂತೆ.

ಎಲ್ಲ ಸರಿ, ಬೆರಳು ಮಾತ್ರ ತಡ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಹೋಗಿರುತ್ತದೆ. ಅಷ್ಟರಲ್ಲಿ ಗುಬ್ಬಿ ಫ್ರೇಮು ದಾಟಿರುತ್ತದೆ. ‘ಖಾಲಿ ಕೊಂಬೆ’ ತುಂಬಿದ್ದು ಹೀಗೆ.

ಅದಕ್ಕೆ ಉಪಾಯ ಹೇಳಿದ್ದು ಅಪ್ಪ. ಮೊದಲ ಕಣ್ಣಿನ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಬಣ್ಣಗಳೆಲ್ಲ ಹೊಸದಾಗಿ ಕಾಣುತ್ತಿವೆ ಎಂದು ಹಕ್ಕಿಗಳನ್ನು ನೋಡುತ್ತಲೇ ಇದ್ದರು. ನಾಲ್ಕನೆಯ ದಿನ ಹೇಳಿದರು: “ತಮ್ಮಾ, ನೀ ರೆಕ್ಕಿ ನೋಡಾಕತ್ತೀ. ಕಾಲ ನೋಡು. ಹಾರೂಕಿಂತ ಮೊದಲ ಅದು ಕುಂತಲ್ಲೇ ಒಂಚೂರು ಕೆಳಗಾಗ್ತೈತಿ. ಮೈ ಸಣ್ಣ ಮಾಡ್ತೈತಿ. ಆವಾಗ ಒತ್ತು.”

ಆಮೇಲೆ ಓದಿ ನೋಡಿದರೆ ಅದು ಖರೆಯೇ. ಹಕ್ಕಿಯ ಹಾರಾಟ ಶುರುವಾಗುವುದು ರೆಕ್ಕೆಯಿಂದಲ್ಲ, ಕಾಲಿನಿಂದ. ಮೊದಲ ವೇಗದ ಬಹುಪಾಲು ಬರುವುದು ಆ ಕಾಲಿನ ನೆಗೆತದಿಂದಲೇ. ಗಾಳಿಗೆ ಎದುರಾಗಿ ಹಾರುವುದು, ಹಾರುವ ಮುನ್ನ ಹಿಕ್ಕೆ ಹಾಕಿ ಹಗುರಾಗುವುದು, ಇವನ್ನೂ ಅಪ್ಪನೇ ತೋರಿಸಿದರು. ನಮ್ಮದೊಂದು ಜೋಡಿಯಾಯಿತು. ಅವರು ಹಕ್ಕಿಯ ಕಾಲು ನೋಡುತ್ತ “ಹೂಂ!” ಎನ್ನುವುದು, ನಾನು ಒತ್ತುವುದು. ಹತ್ತು ದಿನದಲ್ಲಿ ಗುಬ್ಬಿಗಳು ಸಿಗತೊಡಗಿದವು. ಬೀಸಣಿಗೆಯಂತೆ ಬಿಚ್ಚಿದ ಬಾಲ, ಮುಂದೆ ಚಾಚಿದ ಕಾಲು. ಆದರೆ ಎಲ್ಲದರ ಹಿಂದೆಯೂ ಕಾಂಪೌಂಡು ಗೋಡೆ, ಅದರ ಮೇಲೆ ಒಣಗಲು ಹಾಕಿದ ಆಜ್ಜಿಯ ಸೀರೆ.

1882ರಲ್ಲಿ ಎತಿಯೆನ್ ಜೂಲ್ ಮಾರೆ ಎಂಬ ಫ್ರೆಂಚ್ ವಿಜ್ಞಾನಿ ಹಾರುವ ಹಕ್ಕಿಯನ್ನು ಹಿಡಿಯಲೆಂದೇ ಒಂದು ಕ್ಯಾಮೆರಾ ಮಾಡಿದ್ದ. ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೆಯುತ್ತಿದ್ದ ಆ ಯಂತ್ರ ಥೇಟು ಬಂದೂಕಿನ ಆಕಾರದಲ್ಲಿತ್ತು. ಹೆಗಲಿಗೆ ಆನಿಸಿಕೊಂಡು, ಗುರಿಯಿಟ್ಟು, ಕುದುರೆ ಎಳೆಯಬೇಕು. ನಾವು ಇಂದಿಗೂ ಫೋಟೋ ‘ಹೊಡೆಯುತ್ತೇವೆ’. ಈ ಮಾತಿನ ಬಗ್ಗೆ ಅಪ್ಪನ ಜೊತೆ ಹರಟೆ ಹೊಡೆದು ನಕ್ಕಿದ್ದೆವು. ಅದಾಗಿ ವಾರಕ್ಕೇ ಆ ನಗು ಗಂಟಲಿಗೆ ಅಡರಿತು.

ನಮ್ಮ ಕಂಪನಿಯಲ್ಲಿ ಪ್ರತಿವರ್ಷ ಕ್ಯಾಲೆಂಡರಿಗಾಗಿ ನೌಕರರಿಂದ ಫೋಟೋ ಕರೆಯುತ್ತಾರೆ. ಕೊನೆಯ ದಿನಕ್ಕೆ ಐದೇ ದಿನ ಉಳಿದಿತ್ತು. ಸೀರೆಯಿಲ್ಲದ ಹಿನ್ನೆಲೆ ಬೇಕು, ಇನ್ನೂ ಹತ್ತಿರ ಬೇಕು. ಶನಿವಾರ ಬೆಳಿಗ್ಗೆ ಸ್ಟ್ಯಾಂಡನ್ನು ಕಾಂಪೌಂಡಿನಿಂದ ಎತ್ತಿ ತಂದು ಮನೆಯಿಂದ ಹತ್ತಡಿ ದೂರಕ್ಕಿಟ್ಟೆ. ಈಗ ಹಿಂದೆ ನಿಂಬೆಗಿಡದ ಹಸಿರು, ಪೂರ್ವದ ಬಿಸಿಲು ಓರೆಯಾಗಿ ಕೊಂಬೆಯ ಮೇಲೆ. ಎಡಗಡೆಗೆ ಗಾಜಿನ ಬಾಗಿಲು. ಅದರಲ್ಲಿ ಇಡೀ ಆಕಾಶಮಲ್ಲಿಗೆ ಮರ, ಅದರ ಹಿಂದಿನ ಆಕಾಶ, ಒಂದು ಎಲೆಯೂ ಬಿಡದಂತೆ ಪ್ರತಿಫಲಿಸುತ್ತಿತ್ತು. ಎಷ್ಟು ಚೆಂದ ಎಂದು ಅದರದೂ ಒಂದು ಫೋಟೋ ತೆಗೆದೆ.

ಏಳೂ ಮುಕ್ಕಾಲರ ಹೊತ್ತಿಗೆ ಪಿಕಳಾರದ ಜೋಡಿ ಬಂತು. ಒಂದು ನಿಂಬೆಯಲ್ಲಿ ಉಳಿಯಿತು, ಇನ್ನೊಂದು ಪೇರಲ ಕೊಂಬೆಗೆ ಬಂದು ಕೂತಿತು. ಕಪ್ಪು ತಲೆ, ಸ್ವಲ್ಪ ಎದ್ದ ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಇಟ್ಟಂತೆ ಕೆಂಪು. ಅಪ್ಪ ಉಸಿರು ಹಿಡಿದು ಕೂತಿದ್ದರು. ಹಕ್ಕಿಯ ಮೈ ಸಣ್ಣಗಾಯಿತು. “ಹೂಂ!” ಒತ್ತಿದೆ. ಕ್ಯಾಮೆರಾ ಚರ್ರ್ ಎಂದಿತು. ಆ ಸದ್ದಿಗೋ, ಗೋಡೆಯ ಮೇಲೆ ಬಂದ ಬೆಕ್ಕಿಗೋ, ತಟ್ಟೆಯ ಕಡೆಗೆ ಹೊರಟ ಹಕ್ಕಿ ನಡುವೆಯೇ ತಿರುಗಿ ಮರದ ಕಡೆಗೆ ಹಾರಿತು. ಗಾಜಿನೊಳಗಿನ ಮರದ ಕಡೆಗೆ.

ಢಪ್. ನನಗೆ ಗೊತ್ತಿದ್ದ ಸದ್ದು ಅದು.

ಅಪ್ಪ ನನಗಿಂತ ಮೊದಲು ಹೊರಗೆ ಹೋದರು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರೂ ಬಗ್ಗಿ, ಟವೆಲಿನಲ್ಲಿ ಅದನ್ನು ಎತ್ತಿಕೊಂಡರು. ಕೊಕ್ಕು ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಹೆಂಡತಿ ಚಪ್ಪಲಿಯ ಡಬ್ಬಿಯೊಂದಕ್ಕೆ ತೂತು ಮಾಡಿ ತಂದಳು. ಇಂಥ ಹೊತ್ತಿನಲ್ಲಿ ಬಾಯಿಗೆ ನೀರು ಹಾಕಬಾರದು, ಮುಟ್ಟುತ್ತ ಇರಬಾರದು, ಕತ್ತಲಾದ, ಗಾಳಿಯಾಡುವ ಡಬ್ಬಿಯಲ್ಲಿಟ್ಟು ಸುಮ್ಮನೆ ಬಿಡಬೇಕು. ಬರೀ ಮಂಪರು ಬಡಿದಿದ್ದರೆ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡು ತಾನೇ ಹಾರಿಹೋಗುತ್ತದೆ. ನಾವು ಕಾದೆವು. ನಿಂಬೆಗಿಡದಲ್ಲಿದ್ದದ್ದು ಕೂಗುತ್ತಲೇ ಇತ್ತು. ಒಂಬತ್ತೂವರೆಗೆ ಅಪ್ಪ ಮುಚ್ಚಳ ಸ್ವಲ್ಪ ಎತ್ತಿ ನೋಡಿ, ಮತ್ತೆ ಮುಚ್ಚಿ, ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು.

ಪೇರಲ ಗಿಡದ ಬುಡದಲ್ಲಿ ಹೂಳಿದೆವು. ಮೇಲಿನಿಂದ ಆಜ್ಜಿ ನೋಡುತ್ತ ನಿಂತಿದ್ದರು. ಏನೂ ಅನ್ನಲಿಲ್ಲ.

ನಾನು ಮಾತ್ರ ಮಾತಾಡುತ್ತಲೇ ಇದ್ದೆ. ತಪ್ಪು ಮಾಡಿದವನಿಗೆ ಮಾತು ಹೆಚ್ಚು. ಸಲೀಂ ಅಲಿ ಕೂಡ ಹುಡುಗನಾಗಿದ್ದಾಗ ಏರ್ ಗನ್ನಿನಿಂದ ಒಂದು ಗುಬ್ಬಿ ಹೊಡೆದಿದ್ದರು, ಅದರ ಕುತ್ತಿಗೆಯ ಮೇಲಿನ ಹಳದಿ ಕಂಡು ಕುತೂಹಲದಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದರು, ಅಲ್ಲಿಂದಲೇ ಅವರು ಸಲೀಂ ಅಲಿ ಆದರು, 1985ರಲ್ಲಿ ಬಂದ ಆತ್ಮಕಥೆಗೆ ಅದೇ ಗುಬ್ಬಿಯ ಹೆಸರಿಟ್ಟರು ಎಂದೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. “ಆ ಹುಡುಗಗ ಗೊತ್ತಿರಲಿಲ್ಲ” ಎಂದರು. ಅಷ್ಟೇ. ಹಣೆ ಬಡಿದುಕೊಂಡ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಊರಿನ ಮನೆಯಲ್ಲಿ ಗೋಡೆಯ ಫೋಟೋಗಳನ್ನು ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಮುತ್ತಜ್ಜನ ಫೋಟೋದ ಹಿಂದೆ ಪ್ರತಿವರ್ಷ ಗುಬ್ಬಿ ಗೂಡು ಕಟ್ಟುತ್ತಿತ್ತು. ನಡುಮನೆಗೆ ಮೊದಲ ಸಲ ಫ್ಯಾನು ಬಂದ ಬೇಸಿಗೆಯಲ್ಲಿ ಒಂದು ಗುಬ್ಬಿ ಅದಕ್ಕೆ ಸಿಕ್ಕು ಸತ್ತಿತು. ಅಂದೇ ಅಪ್ಪ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದರು. ಕಾಪಿ ಬುಕ್ಕಿನಂಥ ದುಂಡು ಅಕ್ಷರ: ‘ಗುಬ್ಬಿ ಇವೆ. ಫ್ಯಾನು ಹಚ್ಚಬಾರದು.’ ರೋಣದ ಬಿಸಿಲಿನಲ್ಲಿ, ಮರಿಗಳು ಹಾರಿಹೋಗುವವರೆಗೆ, ನಾವು ಬೀಸಣಿಕೆ ಬೀಸಿಕೊಂಡು ಮಲಗಿದೆವು. ಬಂದ ಬೀಗರಿಗೂ ಅದೇ ಕಾನೂನು. ಒಂದು ಹಕ್ಕಿ ಸತ್ತದ್ದಕ್ಕೆ ಮನೆಯವರೆಲ್ಲ ಬೆವರಿದ್ದನ್ನು ಕಂಡು ಬೆಳೆದವನು ನಾನು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮರುದಿನ ಕೂತು ಓದಿದೆ. ಕಾಳಿನ ತಟ್ಟೆ ಗಾಜಿಗೆ ಮೂರಡಿಯ ಒಳಗಿದ್ದರೆ ಹಕ್ಕಿಗೆ ವೇಗ ಹಿಡಿಯಲು ಜಾಗವಿಲ್ಲ, ಬಡಿದರೂ ಜೀವಕ್ಕೆ ಅಪಾಯ ಕಡಿಮೆ. ಬಹಳ ದೂರವಿದ್ದರೂ ವಾಸಿ. ನಾನಿಟ್ಟ ಹತ್ತಡಿ ಎಂದರೆ ಬೆದರಿದ ಹಕ್ಕಿ ಪೂರ್ತಿ ವೇಗ ಪಡೆಯಲು ತಕ್ಕ ದೂರ. ಒಂದೆರಡು ಸ್ಟಿಕ್ಕರುಗಳಿಂದಲೂ ಪ್ರಯೋಜನವಿಲ್ಲ, ಹಕ್ಕಿ ಅವುಗಳ ಪಕ್ಕದಿಂದ ದಾರಿ ಇದೆ ಎಂದೇ ತಿಳಿಯುತ್ತದೆ. ಗಾಜಿನ ಹೊರಮೈಗೆ, ಹಕ್ಕಿ ನುಸುಳಲಾಗದಷ್ಟು ಒತ್ತಾಗಿ, ಗೆರೆಗಳೋ ದಾರಗಳೋ ಇರಬೇಕು. ಇದನ್ನು ಓದಿ ಹೇಳಿದೆ. ಅಪ್ಪ ಪೇಟೆಗೆ ಹೋಗಿ ಸಣಬಿನ ಹುರಿಯ ಉಂಡೆ ತಂದರು. ಬಾಗಿಲಿನ ಮೇಲಿನ ಚೌಕಟ್ಟಿಗೆ ಒಂದು ಕೋಲು ಕಟ್ಟಿ, ನಾಲ್ಕು ನಾಲ್ಕು ಬೆರಳಿಗೆ ಒಂದರಂತೆ ಹುರಿಯನ್ನು ಹೊರಗಡೆಯಿಂದ ಇಳಿಬಿಟ್ಟೆವು. ನಾನು ಸ್ಟೂಲಿನ ಮೇಲೆ, ಅವರು ಕೆಳಗೆ ಬೆರಳಿಟ್ಟು ಅಳೆಯುತ್ತ. ಹೆಂಡತಿಗೆ ಪ್ರಾಣವಾಗಿದ್ದ ಬಾಗಿಲು ಬಿದಿರಿನ ತಟ್ಟಿಯಂತೆ ಕಂಡಿತು. “ಇರಲಿ ಬಿಡಿ” ಎಂದಳು.

ತಟ್ಟೆ ಈಗ ಅಡುಗೆಮನೆಯ ಕಿಟಕಿಯಿಂದ ಎರಡಡಿ ದೂರದಲ್ಲಿದೆ. ನನ್ನ ಉದ್ದ ಲೆನ್ಸ್ ಅಷ್ಟು ಹತ್ತಿರ ಫೋಕಸ್ ಮಾಡುವುದೇ ಇಲ್ಲ. ಅದು ಬ್ಯಾಗಿನಲ್ಲಿದೆ. ವಾರಕ್ಕೊಮ್ಮೆ ತಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸುವುದು, ಮಳೆಗಾಲದಲ್ಲಿ ಬೂಸ್ಟು ಹಿಡಿದ ಕಾಳು ಎಸೆಯುವುದು, ಇವು ನನ್ನ ಕೆಲಸ. ಹಕ್ಕಿಗಳನ್ನು ಕರೆದ ಮೇಲೆ ನಾವು ಮನೆಯವರು, ಅವು ಬೀಗರು.

ಆ ಶನಿವಾರ ರಾತ್ರಿ ಕ್ಯಾಮೆರಾದ ಕಾರ್ಡು ತೆಗೆದು ನೋಡಿದ್ದೆ. ಹನ್ನೊಂದು ಫ್ರೇಮುಗಳಿದ್ದವು. ಮೂರನೆಯದು ನಾನು ಎಂಟು ತಿಂಗಳಿಂದ ಕಾಯುತ್ತಿದ್ದ ಫೋಟೋ. ರೆಕ್ಕೆ ಪೂರ್ತಿ ಮೇಲೆತ್ತಿದೆ, ಗರಿಗಳನ್ನು ಎಣಿಸಬಹುದು, ಕಣ್ಣಿನಲ್ಲಿ ಬೆಳಗಿನ ಒಂದು ಚುಕ್ಕೆ ಬೆಳಕು, ಹಿಂದೆ ನಿಂಬೆಯ ಹಸಿರು. ಹಕ್ಕಿ ಇನ್ನೂ ಎಡಕ್ಕೆ ತಿರುಗಿಲ್ಲ. ಕಂಪನಿಗೆ ಕಳಿಸಲಿಲ್ಲ. ಕಳಿಸದೆ ಇದ್ದದ್ದೇನೂ ದೊಡ್ಡ ತ್ಯಾಗವಲ್ಲ, ಹನ್ನೆರಡು ತಿಂಗಳಲ್ಲಿ ಒಂದು ತಿಂಗಳು ಅದು ಎಲ್ಲರ ಮೇಜಿನ ಮೇಲೆ ನಿಂತು ನನ್ನನ್ನು ನೋಡುವುದು ಬೇಡವಾಗಿತ್ತು.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಪ್ಪ ತಾವೇ ಕೇಳಿದರು, “ಆವತ್ತಿಂದು ತೋರ್ಸು.” ಲ್ಯಾಪ್‌ಟಾಪಿನಲ್ಲಿ ತೆರೆದೆ. ಕನ್ನಡಕವಿಲ್ಲದೆ ಬಹಳ ಹೊತ್ತು ನೋಡಿದರು. “ಚಲೋ ಬಂದೈತಿ” ಎಂದರು. ಆಮೇಲೆ ಬೆರಳಿಟ್ಟು, “ಕಾಲ ನೋಡಿಲ್ಲೆ, ಉಗುರು ಇನ್ನೂ ಕೊಂಬಿ ಬಿಟ್ಟಿಲ್ಲ” ಎಂದರು. ನಾನು ಆ ಫೋಟೋವನ್ನು ‘ಖಾಲಿ ಕೊಂಬೆ’ಯೊಳಗೆ ಹಾಕಿದೆ. ಅದಕ್ಕೇ ಆ ಫೋಲ್ಡರನ್ನು ಅಳಿಸಲಾಗಿಲ್ಲ.

ಅಪ್ಪ ಊರಿಗೆ ಹೋದರು. ಇಲ್ಲೇ ಇರಿ ಎಂದು ನಾನು ಹೇಳಿದೆ, ಆಜ್ಜಿಯೂ ಹೇಳಿದರು. “ಎರಡೂ ಕಣ್ಣ ಬಂದಾವಲ್ಲ, ಇನ್ನೇನು ಹೋಗ್ತೀನಿ” ಎಂದರು. ನನ್ನ ಲೆಕ್ಕ ತಪ್ಪಿದ್ದಕ್ಕೆ ಬೇಸರವಾಯಿತು, ಆದರೆ ಈ ಸಲ ಹೆಚ್ಚು ಮಾತಾಡಲಿಲ್ಲ. ಸ್ವಾರಗೇಟಿನಲ್ಲಿ ಬಸ್ಸು ಹತ್ತಿಸಿ ಮನೆಗೆ ಬಂದಾಗ ನೋಡಿದೆ, ಗಾಜಿನ ಬಾಗಿಲಿಗೆ, ನನ್ನ ಹಣೆಯ ಎತ್ತರಕ್ಕೆ ಸರಿಯಾಗಿ, ಒಂದು ಚೀಟಿ ಅಂಟಿಸಿದ್ದರು. ಅದೇ ದುಂಡು ಅಕ್ಷರ: ‘ಇಲ್ಲಿ ಗಾಜು ಇದೆ.’

ಕೆಳಗೆ ಇಳಿದು ಬಂದ ಆಜ್ಜಿ ಏನು ಬರೆದಿದೆ ಎಂದು ಕೇಳಿದರು. ಹೇಳಿದೆ. ಹಕ್ಕಿಗಳಿಗೆ ಕನ್ನಡ ಬರುತ್ತದೆಯೇ ಎಂದು ನಕ್ಕರು. ಹಕ್ಕಿಗಳಿಗಲ್ಲ ಆಜ್ಜಿ, ಅದು ನನಗೆ ಎಂದೆ.